ಶಾಕ್ ಕೊಳ್ಳುವ ಮುಂಚೆ ಜೀಪು ಅಳೆ

ತಮ್ಮಾ, ಕಮಲಾಪುರದ ಹೊಲಕ್ಕೆ ಓಡಾಡಲು ತಂದ ಹಳೆಯ ಮಹೀಂದ್ರ ಎಂಎಂ 540ಕ್ಕೆ ಹೊಸ ಕಮಾನು ಪಟ್ಟಿ ಹಾಕಿಸಿ ಎರಡು ಇಂಚು ಎತ್ತರ ಮಾಡಿಸಿದ್ದೀ. ಈಗ ಅದಕ್ಕೆ ಉದ್ದನೆಯ ಶಾಕ್ ಅಬ್ಸಾರ್ಬರ್ ಹುಡುಕಲು ಹತ್ತಿದ್ದೀ. ನೀನು ಮೊಬೈಲಿನಲ್ಲಿ ತೋರಿಸಿದ ಸೆಟ್ಟಿನ ಡಬ್ಬಿಯ ಮೇಲೆ ‘2ರಿಂದ 3 ಇಂಚು ಲಿಫ್ಟ್‌ಗೆ’ ಅಂತ ಬರೆದಿದೆ. ಆ ಒಂದು ಸಾಲನ್ನು ನಂಬಿ ದುಡ್ಡು ಕಟ್ಟಬೇಡ. ಡಬ್ಬಿ ಮಾಡಿದವನು ನಿನ್ನ ಜೀಪು ನೋಡಿಲ್ಲ. ನಿನ್ನ ಪಟ್ಟಿ ಎಷ್ಟು ಬಾಗುತ್ತದೆ, ಹಿಂದಿನ ಮಾಲೀಕ ಬ್ರಾಕೆಟ್ಟನ್ನು ಎಲ್ಲಿ ಬೆಸೆದಿದ್ದಾನೆ, ಪಟ್ಟಿಯ ತುದಿಗೆ ಯಾವ ಶ್ಯಾಕಲ್ ಹಾಕಿದ್ದಾನೆ, ಇದೊಂದೂ ಅವನಿಗೆ ಗೊತ್ತಿಲ್ಲ. ಹಳೆಯ ಜೀಪುಗಳಲ್ಲಿ ಎರಡು ಒಂದೇ ಥರ ಇರುವುದಿಲ್ಲ. ಅಳತೆ ನಿನ್ನ ಜೀಪಿನದೇ ಆಗಬೇಕು.

ಮೊದಲು ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡಲಿ. ನಿನ್ನ ಜೀಪಿನಲ್ಲಿ ಭಾರ ಹೊರುವುದು ಕಮಾನು ಪಟ್ಟಿ, ಶಾಕ್ ಅಲ್ಲ. ಉದ್ದನೆಯ ಶಾಕ್ ಹಾಕಿದರೆ ಜೀಪು ಒಂದು ಇಂಚೂ ಮೇಲೇಳುವುದಿಲ್ಲ. ಪಟ್ಟಿ ಒಮ್ಮೆ ಬಾಗಿತೆಂದರೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕಿನ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳಿಂದ ಹಾಯಿಸುತ್ತದೆ, ಎಣ್ಣೆ ಬಿಸಿಯಾಗುತ್ತದೆ, ಕುಣಿತದ ಶಕ್ತಿ ಆ ಬಿಸಿಯಾಗಿ ಹೊರಗೆ ಹೋಗುತ್ತದೆ. ಇಷ್ಟೇ ಅದರ ಕಸುಬು.

ಹಾಗಿದ್ದರೆ ಉದ್ದ ಯಾಕೆ ಬೇಕು? ಚಾಸಿ ಎರಡು ಇಂಚು, ಅಂದರೆ 50 ಮಿ.ಮೀ. ಮೇಲೆ ಹೋಯಿತು, ಎರಡು ಗಾಲಿಗಳ ನಡುವಿನ ಆಕ್ಸಲ್ ಹೌಸಿಂಗ್ ಇದ್ದಲ್ಲೇ ಉಳಿಯಿತು. ನಡುವೆ ಇರುವ ಹಳೆಯ ಶಾಕ್ ಜೀಪು ಸುಮ್ಮನೆ ನಿಂತಾಗಲೂ ಹೆಚ್ಚು ಬಿಚ್ಚಿಕೊಂಡೇ ಇರುತ್ತದೆ. ಇನ್ನು ಒಡ್ಡು ದಾಟುವಾಗ ಗಾಲಿ ಕೆಳಗಿಳಿಯಬೇಕೆಂದರೆ ಅದರಲ್ಲಿ ಬಿಚ್ಚಿಕೊಳ್ಳುವ ಓಟವೇ ಉಳಿದಿಲ್ಲ. ಗಾಲಿ, ಹೌಸಿಂಗ್, ಪಟ್ಟಿ ಎಲ್ಲದರ ಭಾರ ಶಾಕಿನ ರಾಡಿಗೆ ಜೋತುಬೀಳುತ್ತದೆ. ಮಹಾಗಾಂವ ಕ್ರಾಸ್ ದಾಟಿ ಹೊಲದ ಹಾದಿಗೆ ಇಳಿದಾಗ ಹಿಂದಿನಿಂದ ‘ಟಕ್’ ಅಂತ ಸದ್ದು ಬರುತ್ತದೆ ಅಂದೆಯಲ್ಲ, ನನ್ನ ಮಟ್ಟಿಗೆ ಅದು ಇದೇ. ಹಾಗೇ ಓಡಿಸಿದರೆ ರಾಡಿನ ಸೀಲು ಹೋಗುತ್ತದೆ, ಇಲ್ಲವೆ ಕೆಳಗಿನ ಪಿನ್ನೇ ಕಿತ್ತು ಬರುತ್ತದೆ. ಹೀಗಾಗಿ ಉದ್ದನೆಯದು ಬೇಕು ಅನ್ನುವ ನಿನ್ನ ಲೆಕ್ಕ ಸರಿ. ಎಷ್ಟು ಉದ್ದ ಅನ್ನುವಲ್ಲಿ ಎಚ್ಚರ ಬೇಕು.

ಎಲ್ಲರೂ ನೋಡುವುದು ಶಾಕ್ ಪೂರ್ತಿ ಬಿಚ್ಚಿದಾಗ ಎಷ್ಟು ಉದ್ದ ಅನ್ನುವುದನ್ನು. ಪೂರ್ತಿ ಮುಚ್ಚಿದಾಗ ಎಷ್ಟು ಅನ್ನುವುದನ್ನು ಕೇಳುವವರು ಕಡಿಮೆ. ಜೀಪು ಹಾಳಾಗುವುದು ಆ ಎರಡನೆಯ ಅಳತೆಯಿಂದ. ಯಾವ ಶಾಕಿಗೂ ಪಿಸ್ಟನ್ನಿನ ದಪ್ಪ, ತಳದ ವಾಲ್ವು, ಎರಡೂ ತುದಿಯ ರಬ್ಬರ್ ಬುಷ್ಷಿನ ರಿಂಗು ಅಂತ ಓಟಕ್ಕೆ ಸೇರದ ಒಂದಿಷ್ಟು ಜಾಗ ಬೇಕೇ ಬೇಕು. ಬಿಚ್ಚಿದ ಉದ್ದ ಬೆಳೆದಂತೆ ಮುಚ್ಚಿದ ಉದ್ದವೂ ಬೆಳೆಯುತ್ತದೆ. ಗಾಲಿ ಮೇಲಕ್ಕೆ ನುಗ್ಗಿದಾಗ ಪೂರ್ತಿ ಮುಚ್ಚಿಕೊಂಡ ಶಾಕ್ ಒಂದು ಕಬ್ಬಿಣದ ತೊಲೆಯೇ ಸರಿ. ಹೊಡೆತ ನೇರ ಬ್ರಾಕೆಟ್ಟಿಗೆ ಹೋಗುತ್ತದೆ. ಶಾಕ್ ಒಡೆದು ಎಣ್ಣೆ ಚೆಲ್ಲಿದರೆ ಹೊಸದು ಹಾಕಿಸಬಹುದು, ಚಾಸಿಯಿಂದ ಬ್ರಾಕೆಟ್ ಕಿತ್ತುಬಂದರೆ ತುಕ್ಕು ಹಿಡಿದ ಹಳೆಯ ಚಾಸಿಗೆ ಮತ್ತೆ ಗಟ್ಟಿ ಬೆಸುಗೆ ಕೂರುವುದು ಕಷ್ಟ.

ಆ ಹೊಡೆತ ತಿನ್ನಲೆಂದೇ ಚಾಸಿಯ ಕೆಳಗೆ, ಹೌಸಿಂಗಿನ ನೇರಕ್ಕೆ ಬಂಪ್ ಸ್ಟಾಪ್ ಅಂತ ಒಂದು ರಬ್ಬರಿನ ಗಟ್ಟಿ ಇರುತ್ತದೆ. ಗಾಲಿ ಪೂರ್ತಿ ಮೇಲೆ ಬಂದಾಗ ಮೊದಲು ಆ ರಬ್ಬರ್ ಒತ್ತಿಕೊಳ್ಳಬೇಕು, ಅದು ಪೂರ್ತಿ ಒತ್ತಿಕೊಂಡ ಮೇಲೂ ಶಾಕಿನೊಳಗೆ ಒಂದು ಬೆರಳಿನಷ್ಟು ಓಟ ಉಳಿದಿರಬೇಕು. ನಿನ್ನ ಜೀಪಿನಲ್ಲಿ ಆ ರಬ್ಬರ್ ಇದೆಯೋ ಇಲ್ಲವೋ ಮೊದಲು ಬಗ್ಗಿ ನೋಡು. ಹಳೆಯ ಗಾಡಿಗಳಲ್ಲಿ ಅದು ಉದುರಿಹೋಗಿ ಬರೀ ಬೋಲ್ಟಿನ ತೂತು ಉಳಿದಿರುವುದೇ ಹೆಚ್ಚು. ಇಲ್ಲದಿದ್ದರೆ ಶಾಕಿಗಿಂತ ಮೊದಲು ಅದನ್ನು ಕೊಳ್ಳು. ಜೀಪಿನ ಇಡೀ ಖರ್ಚಿನಲ್ಲಿ ಅದು ಚಿಲ್ಲರೆ.

ಈಗ ಅಳೆಯುವ ರೀತಿ ಹೇಳುತ್ತೇನೆ. ಸಮತಟ್ಟು ನೆಲದಲ್ಲಿ ಜೀಪು ನಿಲ್ಲಿಸು. ಶಾಬಾದ ಕಲ್ಲು ಹಾಸಿದ ಅಂಗಳವಿದ್ದರೆ ಒಳ್ಳೆಯದು, ಮಣ್ಣಿನಲ್ಲಿ ಜಾಕು ಹೂಳುತ್ತದೆ. ಶಾಕಿನ ಮೇಲಿನ ಬೋಲ್ಟಿನ ನಡುಮಧ್ಯದಿಂದ ಕೆಳಗಿನ ಬೋಲ್ಟಿನ ನಡುಮಧ್ಯಕ್ಕೆ ಟೇಪು ಹಿಡಿ. ಶಾಕ್ ವಾಲಿದ್ದರೆ ಟೇಪೂ ಅದೇ ವಾಲಿನಲ್ಲಿರಲಿ, ನೆಟ್ಟಗೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಬಂಪ್ ರಬ್ಬರಿನ ತುದಿಯಿಂದ ಹೌಸಿಂಗಿಗೆ ಎಷ್ಟು ಸಂದು ಇದೆ ನೋಡು. ಮುಂದಿನ ಎರಡು, ಹಿಂದಿನ ಎರಡು, ನಾಲ್ಕನ್ನೂ ಬರೆದುಕೋ.

ಮೂರನೆಯದು ಗಾಲಿ ಜೋತುಬಿದ್ದಾಗಿನ ಅಳತೆ. ಇದಕ್ಕೆ ಹಳೆಯ ಶಾಕನ್ನು ಕೆಳಗಿನ ತುದಿಯಲ್ಲಿ ಬಿಚ್ಚಲೇಬೇಕು. ಬಿಚ್ಚದೆ ಚಾಸಿ ಎತ್ತಿದರೆ ಆ ಹಳೆಯ ಶಾಕೇ ಹೌಸಿಂಗನ್ನು ಹಿಡಿದು ನಿಲ್ಲಿಸುತ್ತದೆ, ನಿನಗೆ ಸಿಗುವುದು ಹಳೆಯ ಶಾಕಿನ ಉದ್ದ ಅಷ್ಟೇ, ಪಟ್ಟಿ ಎಷ್ಟು ಇಳಿಯಬಲ್ಲದು ಅನ್ನುವುದು ಗೊತ್ತಾಗುವುದಿಲ್ಲ. ಚಾಸಿಯನ್ನು ಎತ್ತಿ ಎರಡೂ ಕಡೆ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡ. ಈ ಮಾತನ್ನು ಮಾತ್ರ ನನ್ನ ಆಜ್ಞೆ ಅಂತಲೇ ತಿಳಿ. ಗಾಲಿ ನಿಧಾನಕ್ಕೆ ಇಳಿಯುತ್ತಿರುವಾಗ ಬ್ರೇಕಿನ ರಬ್ಬರ್ ಪೈಪಿನ ಮೇಲೆ ಕಣ್ಣಿರಲಿ. ಅದು ಬಿಗಿಯಾಗತೊಡಗಿದರೆ ಅಲ್ಲಿಗೇ ನಿಲ್ಲಿಸು.

ಒಂದು ಲೆಕ್ಕ ಹಾಕೋಣ. ಈ ಅಂಕಿಗಳು ನಿನ್ನ ಜೀಪಿನವಲ್ಲ, ದಾರಿ ತಿಳಿಯಲೆಂದು ಹಿಡಿದದ್ದು. ನಿಂತಾಗ ಬೋಲ್ಟಿನಿಂದ ಬೋಲ್ಟಿಗೆ 450 ಮಿ.ಮೀ. ಬಂಪ್ ರಬ್ಬರಿಗೆ ಸಂದು 75. ರಬ್ಬರ್ ಒತ್ತಿಕೊಳ್ಳುವುದು ಇನ್ನೊಂದು 20. ಅಂದರೆ ಗಾಲಿ ಪೂರ್ತಿ ಮೇಲೆ ಬಂದಾಗ ಶಾಕಿಗೆ ಉಳಿಯುವ ಜಾಗ 355. ಅದರಲ್ಲಿ 15 ಬಿಡುವು ಬಿಟ್ಟರೆ, ನೀನು ಕೊಳ್ಳುವ ಶಾಕಿನ ಮುಚ್ಚಿದ ಉದ್ದ 340 ದಾಟಬಾರದು. ಗಾಲಿ ಜೋತುಬಿದ್ದಾಗ ಅಳತೆ 540 ಬಂತು ಅಂತ ಇಟ್ಟುಕೋ. ಬಿಚ್ಚಿದ ಉದ್ದ 550 ಇದ್ದರೆ ಧಾರಾಳ. 340ಕ್ಕೆ ಮುಚ್ಚಿ 550ಕ್ಕೆ ಬಿಚ್ಚುವ ಶಾಕ್, ಓಟ 210. ಇಂಥದ್ದು ಮಾರುಕಟ್ಟೆಯಲ್ಲಿ ಸಿಗುವ ಅಳತೆಯೇ.

ಇದೇ ಜೀಪಿಗೆ ‘ಉದ್ದ ಇದ್ದಷ್ಟೂ ಒಳ್ಳೆಯದು’ ಅಂದುಕೊಂಡು 375ಕ್ಕೆ ಮುಚ್ಚಿ 600ಕ್ಕೆ ಬಿಚ್ಚುವುದನ್ನು ತಂದೆ ಅಂತಿಟ್ಟುಕೋ. 450ರಲ್ಲಿ 75 ಕಳೆದರೆ 375. ಅಂದರೆ ಹೌಸಿಂಗ್ ರಬ್ಬರನ್ನು ಮುಟ್ಟುವ ಹೊತ್ತಿಗೇ ಶಾಕ್ ಪೂರ್ತಿ ಮುಚ್ಚಿಕೊಂಡಿದೆ. ರಬ್ಬರಿಗೆ ಒತ್ತಿಕೊಳ್ಳುವ ಅವಕಾಶವೇ ಸಿಗಲಿಲ್ಲ, ಹೊಡೆತವೆಲ್ಲ ಶಾಕಿನದು. ಇನ್ನೊಂದು ಕಡೆ ನೋಡಿದರೆ ಪಟ್ಟಿ ಇಳಿಯುವುದೇ 540ರವರೆಗೆ. 600ಕ್ಕೆ ಬಿಚ್ಚುವ ಶಾಕಿನಲ್ಲಿ 60 ಮಿ.ಮೀ. ಯಾವತ್ತೂ ಕೆಲಸಕ್ಕೆ ಬರುವುದಿಲ್ಲ. ಆ ಶಾಕನ್ನೇ ಉಳಿಸಿಕೊಳ್ಳಬೇಕೆಂದರೆ ಬಂಪ್ ರಬ್ಬರನ್ನು 35 ಮಿ.ಮೀ. ಕೆಳಗೆ ತರಬೇಕು. ಆಗ ಸಂದು 40ಕ್ಕೆ ಇಳಿಯುತ್ತದೆ. ಬ್ರಾಕೆಟ್ ಉಳಿಯುತ್ತದೆ ನಿಜ, ಆದರೆ ಗಾಲಿ ಮೇಲಕ್ಕೆ ಬರುವ ಜಾಗ ಅರ್ಧದಷ್ಟು ಹೋಯಿತು. ಎತ್ತರ ಮಾಡಿಸಿದ ಜೀಪು ಹಳೆಯದಕ್ಕಿಂತ ಹೆಚ್ಚು ಕುಕ್ಕುತ್ತದೆ, ಆಮೇಲೆ ಪಟ್ಟಿ ಗಟ್ಟಿಯಾಯಿತು ಅಂತ ಪಟ್ಟಿಯ ಮೇಲೆ ತಪ್ಪು ಹೊರಿಸುತ್ತಾರೆ.

ಎರಡೂ ಗಾಲಿ ಒಟ್ಟಿಗೆ ಮೇಲೆ ಬಂದಾಗಿನ ಅಳತೆ ಇದು. ನಮ್ಮ ಹೊಲದ ಹಾದಿಯಲ್ಲಿ ಹಾಗಾಗುವುದು ಕಡಿಮೆ. ಒಂದು ಗಾಲಿ ಒಡ್ಡಿನ ಮೇಲೆ, ಇನ್ನೊಂದು ಬಂಡಿಯ ಜಾಡಿನಲ್ಲಿ. ಆಗ ಹೌಸಿಂಗ್ ವಾಲುತ್ತದೆ, ಜೋತುಬಿದ್ದ ಕಡೆಯ ಶಾಕ್ ಇನ್ನಷ್ಟು ಬಿಚ್ಚಿಕೊಳ್ಳಬಹುದು, ಒತ್ತಿದ ಕಡೆಯದು ಓರೆಯಾಗಬಹುದು. ಹೀಗಾಗಿ ಶಾಕ್ ಬಿಚ್ಚಿಟ್ಟುಕೊಂಡೇ ಒಂದು ಮುಂದಿನ ಗಾಲಿಯನ್ನು ಕಲ್ಲಿನ ಅಟ್ಟಿಯ ಮೇಲೆ ನಿಧಾನಕ್ಕೆ ಏರಿಸಿ, ರಬ್ಬರ್ ಒತ್ತಿಕೊಂಡ ಮೇಲೆ ಎರಡೂ ಕಡೆ ಇನ್ನೊಮ್ಮೆ ಟೇಪು ಹಿಡಿ. ಶಾಕ್ ಇಲ್ಲದ ಗಾಡಿ ಓಲಾಡುತ್ತದೆ, ಅಂಗಳ ಬಿಟ್ಟು ಹೊರಗೆ ಒಯ್ಯಬೇಡ. ಮುಂದಿನ ಗಾಲಿಯನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಟೈರು ಶಾಕನ್ನು ಉಜ್ಜುತ್ತದೆಯೇ ಅಂತಲೂ ನೋಡು. ದಪ್ಪ ಶಾಕ್ ಹಾಕಿದವರಿಗೆ ಈ ತೊಂದರೆ ಬರುತ್ತದೆ.

ವಾಲಿನ ಮಾತು ಬಂತಲ್ಲ, ಮುಚ್ಚಿದ ಉದ್ದ ಹೊಂದದಿದ್ದಾಗ ಕೆಲವರು ಬ್ರಾಕೆಟ್ ಸರಿಸಿ ಶಾಕನ್ನು ಹೆಚ್ಚು ಮಲಗಿಸಿಬಿಡುತ್ತಾರೆ. ಜಾಗವೇನೋ ಸಿಗುತ್ತದೆ. ಆದರೆ 45 ಡಿಗ್ರಿ ವಾಲಿದ ಶಾಕ್, ಗಾಲಿ 100 ಮಿ.ಮೀ. ಓಡಿದರೆ ತಾನು ಸುಮಾರು 70 ಮಾತ್ರ ಓಡುತ್ತದೆ, ಕುಣಿತ ಹಿಡಿಯುವ ಅದರ ಬಲ ನೆಟ್ಟಗಿದ್ದಾಗಿನ ಅರ್ಧಕ್ಕೆ ಬರುತ್ತದೆ. ದುಬಾರಿ ಶಾಕ್ ತಂದು ಅರ್ಧ ಕೆಲಸ ಮಾಡಿಸಿಕೊಂಡಂತಾಯಿತು. ಸ್ವಲ್ಪ ವಾಲು ಇರಲಿ, ಮಲಗಿಸಬೇಡ.

ಇನ್ನು ಯಾವ ಬಗೆಯದು ಅನ್ನುವ ಪ್ರಶ್ನೆ. ನಿನ್ನ ಗೆಳೆಯರು ಒಂದೇ ಕೊಳವೆಯ, ಹೆಚ್ಚು ಒತ್ತಡದ ನೈಟ್ರೋಜನ್ ತುಂಬಿದ ಮೋನೋಟ್ಯೂಬ್ ಶಾಕನ್ನೇ ಹಾಕು ಅನ್ನುತ್ತಾರೆ. ಅದು ಒಳ್ಳೆಯ ಸಾಮಾನು, ಇಲ್ಲ ಅನ್ನುವುದಿಲ್ಲ. ಎಣ್ಣೆ ಬೇಗ ತಣ್ಣಗಾಗುತ್ತದೆ, ನೊರೆ ಏಳುವುದಿಲ್ಲ, ತಾಸುಗಟ್ಟಲೆ ಕುಲುಕಾಟದಲ್ಲೂ ಹಿಡಿತ ಬಿಡುವುದಿಲ್ಲ. ಆದರೆ ಅದರಲ್ಲಿ ಗ್ಯಾಸಿನ ಕೋಣೆಗೆ ಬೇರೆ ಜಾಗ ಬೇಕು, ಅದೇ ಓಟಕ್ಕೆ ಮುಚ್ಚಿದ ಉದ್ದ ಹೆಚ್ಚಾಗುತ್ತದೆ. ನಿನ್ನ ತೊಡಕೇ ಮುಚ್ಚಿದ ಉದ್ದದ್ದು. ಇನ್ನೊಂದು ಮಾತು, ಅದರ ಹೊರಗಿನ ಕೊಳವೆಯ ಒಳಗೋಡೆಯ ಮೇಲೆಯೇ ಪಿಸ್ಟನ್ ಓಡುವುದು. ಕಲ್ಲು ಸಿಡಿದು ಒಂದು ಗುಳಿ ಬಿತ್ತೆಂದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯ ಟ್ವಿನ್‌ಟ್ಯೂಬ್ ಶಾಕಿನಲ್ಲಿ ಹೊರಗಿನದಕ್ಕೆ ಪೆಟ್ಟು ಬಿದ್ದರೂ ಒಳಗಿನದು ಓಡುತ್ತಿರುತ್ತದೆ. ನೀನು ರ‍್ಯಾಲಿಗೆ ಹೋಗುವವನಲ್ಲ. ಸ್ಟೇಶನ್ ಬಜಾರದಿಂದ ಹುಮನಾಬಾದ ರಸ್ತೆಯಲ್ಲಿ ಡಾಂಬರು, ಆಮೇಲೆ ಗರಸು ಮತ್ತು ಕಲ್ಲಿನ ಹಾದಿ, ಕೊನೆಗೆ ಹೊಲ. ನನ್ನನ್ನು ಕೇಳಿದರೆ ಕಡಿಮೆ ಒತ್ತಡದ ಗ್ಯಾಸ್ ತುಂಬಿದ, ದಪ್ಪ ರಾಡಿನ ಟ್ವಿನ್‌ಟ್ಯೂಬ್ ಸಾಕು. ಬರೀ ಎಣ್ಣೆಯದು ಬೇಡ ಅನ್ನುವುದಕ್ಕೆ ನಮ್ಮ ಬೇಸಿಗೆಯೇ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಶಾಕಿನ ಎಣ್ಣೆ ಮೊದಲೇ ಕಾದಿರುತ್ತದೆ. ಅದರ ಮೇಲೆ ಕುಲುಕಾಟ ಸೇರಿದರೆ ನೊರೆ ಎದ್ದು ಹಿಡಿತ ಸಡಿಲಾಗುತ್ತದೆ.

ಗಟ್ಟಿ ಶಾಕ್ ಅಂದರೆ ಒಳ್ಳೆಯ ಶಾಕ್ ಅಂತ ತಿಳಿಯಬೇಡ. ಕಮಾನು ಪಟ್ಟಿಯ ಎಲೆಗಳು ಒಂದರ ಮೇಲೊಂದು ಉಜ್ಜಿಕೊಂಡು ತಾವೇ ಒಂದಿಷ್ಟು ಕುಣಿತ ತಡೆಯುತ್ತವೆ. ಸುರುಳಿ ಸ್ಪ್ರಿಂಗಿನ ಗಾಡಿಗಾಗಿ, ಅಥವಾ ಸದಾ ಭಾರ ಹೊರುವ ಗಾಡಿಗಾಗಿ ಮಾಡಿದ ಶಾಕ್ ನಿನ್ನ ಜೀಪಿಗೆ ಹೆಚ್ಚಾಯಿತು. ಹಿಂದೆ ನಾಲ್ಕು ಚೀಲ ತೊಗರಿ ಇದ್ದಾಗ ಸರಿಯೆನಿಸುತ್ತದೆ, ಖಾಲಿ ಬಂದಾಗ ಪ್ರತಿ ಸ್ಪೀಡ್ ಬ್ರೇಕರಿನಲ್ಲೂ ಬೆನ್ನುಮೂಳೆಗೆ ಬಡಿಯುತ್ತದೆ. ಬಿಚ್ಚಿಕೊಳ್ಳುವ ಕಡೆ ಹಿಡಿತ ತೀರಾ ಹೆಚ್ಚಾದರೆ ಇನ್ನೊಂದು ಕಾಟವಿದೆ. ಸಾಲುಸಾಲು ಉಬ್ಬಿರುವ ಗರಸು ರಸ್ತೆಯಲ್ಲಿ ಒಂದು ಉಬ್ಬು ದಾಟಿ ಗಾಲಿ ಪೂರ್ತಿ ಕೆಳಗಿಳಿಯುವ ಮುಂಚೆಯೇ ಮುಂದಿನದು ಬರುತ್ತದೆ. ಹಾಗೇ ಹೋಗುತ್ತ ಹೋಗುತ್ತ ಜೀಪು ಕುಗ್ಗಿ ಬಂಪ್ ರಬ್ಬರಿನ ಮೇಲೆಯೇ ಓಡತೊಡಗುತ್ತದೆ. ನೀನು ಹೆಚ್ಚಾಗಿ ಎಷ್ಟು ಭಾರ ಹಾಕುತ್ತೀ ಅನ್ನುವುದನ್ನು ಅಂಗಡಿಯವನಿಗೆ ಮೊದಲೇ ಹೇಳು. ಅದನ್ನು ಕೇಳದೆಯೇ ಶಾಕ್ ಮಾರುವವನ ಹತ್ತಿರ ಕೊಳ್ಳಬೇಡ.

ಉದ್ದನೆಯ ಶಾಕ್ ಗಾಲಿಯನ್ನು ಹೆಚ್ಚು ಇಳಿಯಬಿಡುತ್ತದೆ, ಗಾಲಿಯ ಜತೆ ಇಳಿಯಬೇಕಾದವು ಬೇರೆಯೂ ಇವೆ. ಬ್ರೇಕ್ ಪೈಪಿನ ಮಾತು ಹೇಳಿದೆ, ಚಿಕ್ಕದಾದರೆ ಉದ್ದನೆಯದನ್ನೇ ಹಾಕಿಸು, ಎಳೆದು ಕಟ್ಟಬೇಡ. ಪ್ರೊಪೆಲ್ಲರ್ ಶಾಫ್ಟಿನ ಹಲ್ಲುಗಳು ಒಂದರೊಳಗೊಂದು ಜಾರುವ ಭಾಗ ಹೆಚ್ಚು ಹೊರಗೆ ಬಂದಿದೆಯೇ, ಕ್ರಾಸ್ ಬೇರಿಂಗಿನ ಕೋನ ಹೆಚ್ಚಾಗಿ ಕಟಕಟ ಅನ್ನುತ್ತದೆಯೇ, ಗಾಲಿ ಜೋತುಬಿದ್ದಾಗ ಕೈಯಿಂದ ಶಾಫ್ಟು ತಿರುಗಿಸಿ ನೋಡು. ಇವು ಸಾಲದಿದ್ದರೆ ಇವಕ್ಕೆ ಎಷ್ಟು ಸಾಕೋ ಅಷ್ಟೇ ಬಿಚ್ಚುವ ಶಾಕ್ ಕೊಳ್ಳುವುದು ಲೇಸು. ಬ್ರೇಕ್ ಪೈಪು ಗಾಲಿಯನ್ನು ತಡೆದು ನಿಲ್ಲಿಸುವ ಸ್ಥಿತಿ ಬರಬಾರದು.

ನಿನ್ನ ಜತೆಯ ಹುಡುಗರ ಹತ್ತಿರ ಹೊಸ ಥಾರ್ ಇದೆ, ಜಿಮ್ನಿ ಇದೆ. ಅವರ ಲೆಕ್ಕ ನಿನಗೆ ಹೊಂದುವುದಿಲ್ಲ, ನಿನ್ನದು ಅವರಿಗೆ ಹೊಂದುವುದಿಲ್ಲ. 2020ರಲ್ಲಿ ಬಂದ ಥಾರ್‌ನ ಮುಂದಿನ ಗಾಲಿಗಳು ಬೇರೆಬೇರೆಯಾಗಿ ಆಡುತ್ತವೆ, ಅಲ್ಲಿ ಸುರುಳಿ ಶಾಕಿನ ಸುತ್ತಲೇ ಕೂತಿದೆ. ಅಲ್ಲಿ ಎಷ್ಟು ಇಳಿಯಬೇಕು ಅನ್ನುವುದನ್ನು ಗಾಲಿಗೆ ಹೋಗುವ ಶಾಫ್ಟಿನ ಕೋನವೇ ತೀರ್ಮಾನಿಸುತ್ತದೆ. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ ಮಾದರಿಗೆ ಮುಂದೆ ಟಾರ್ಶನ್ ಬಾರ್, ಅದನ್ನು ಬಿಗಿದು ಎತ್ತರ ಮಾಡಿದರೆ ಮೇಲಿನ ಓಟ ಹೆಚ್ಚಿ ಕೆಳಗಿನದು ಕಡಿಮೆಯಾಗುತ್ತದೆ. ಜಿಮ್ನಿಗೆ ನಾಲ್ಕೂ ಕಡೆ ಸುರುಳಿ, ಶಾಕ್ ಅತಿ ಉದ್ದವಾದರೆ ಸುರುಳಿ ತನ್ನ ಕೂರುಮಣೆಯಿಂದ ಸರಿದುಬಿಡಬಹುದು. ಹಳೆಯ ಜಿಪ್ಸಿ ಇದ್ದವನು ಮಾತ್ರ ನಿನ್ನ ಬಳಗ, ಅದಕ್ಕೂ ನಾಲ್ಕೂ ಕಡೆ ಕಮಾನು ಪಟ್ಟಿಯೇ.

ಎತ್ತರದ ಬಗ್ಗೆಯೂ ಒಂದು ಮಾತು ನಿನಗೆ ಹೇಳಲೇಬೇಕು. ಪಟ್ಟಿಯಿಂದ ಎತ್ತರ ಮಾಡಿದಾಗ ಮೇಲೆ ಹೋಗುವುದು ಚಾಸಿ. ಡಿಫರೆನ್ಷಿಯಲ್ಲಿನ ಗುಂಡು ಮೊದಲು ನೆಲದಿಂದ ಎಷ್ಟು ಎತ್ತರದಲ್ಲಿತ್ತೋ ಅಷ್ಟರಲ್ಲೇ ಇದೆ. ಅದು ಮೇಲೇಳಬೇಕೆಂದರೆ ಟೈರು ದೊಡ್ಡದಾಗಬೇಕು. ಹಾಗಾಗಿ ಜಾಡಿನ ನಡುವಿನ ಕಲ್ಲನ್ನು ಮೊದಲಿನಷ್ಟೇ ಎಚ್ಚರದಿಂದ ದಾಟು. ಮಳೆಗಾಲದ ಎರಿ ಮಣ್ಣಿಗೂ ಶಾಕಿಗೂ ಸಂಬಂಧವಿಲ್ಲ. ನಮ್ಮ ಕರಿ ಮಣ್ಣು ನೀರು ಕುಡಿದು ಉಬ್ಬಿ ಗಾಲಿಗೆ ಮೆತ್ತಿಕೊಂಡಿತೆಂದರೆ ಎಂಥ ಜೀಪೂ ಜಾರುತ್ತದೆ. ಹಸಿ ಹೊಲದಲ್ಲಿ ಜೀಪು ನುಗ್ಗಿಸಿ ಮಾಡಿದ ಆಳದ ಜಾಡು ಒಣಗಿದ ಮೇಲೆ ಕಲ್ಲಾಗುತ್ತದೆ, ಬಿತ್ತನೆಗೆ ಅಡ್ಡ ಬರುತ್ತದೆ. ಮಣ್ಣು ಆರುವವರೆಗೆ ರಸ್ತೆಯಲ್ಲಿ ಗಾಡಿ ಬಿಟ್ಟು ನಡೆದು ಹೋಗು. ಡಾಂಬರಿನಲ್ಲೂ ವೇಗ ತಗ್ಗಿಸು. ಭಾರ ಮೇಲೆ ಹೋದ ಜೀಪು ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು, ಎಂಥ ಶಾಕ್ ಹಾಕಿದರೂ ಅದು ತಪ್ಪುವುದಿಲ್ಲ.

ಕಾನೂನನ್ನು ಮರೆಯಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಸವೆದ ಶಾಕಿನ ಬದಲು ಹೊಸ ಶಾಕ್ ಹಾಕುವುದು ಬೇರೆ, ಎತ್ತರ ಬದಲಿಸುವುದು ಬೇರೆ. ನೀನು ಪಟ್ಟಿ ಹಾಕಿಸಿದ್ದಾಗಿದೆ, ಆದರೂ ಆರ್‌ಟಿಒ ಕಚೇರಿಗೂ ವಿಮೆಯವರಿಗೂ ಬರೆದು ಕೇಳಿ ಉತ್ತರ ತೆಗೆದುಕೋ. ಅವರು ಆಗದು ಅಂದರೆ ಹಳೆಯ ಪಟ್ಟಿ ಮತ್ತೆ ಹಾಕಿಸು, ಆಗ ಉದ್ದನೆಯ ಶಾಕ್ ಬೇಕಾಗುವುದೂ ಇಲ್ಲ. ಹಳೆಯ ಪಟ್ಟಿಯನ್ನು ಗುಜರಿಗೆ ಹಾಕದೆ ಇಟ್ಟಿದ್ದೀ ತಾನೆ? ಉತ್ತರ ಬರುವವರೆಗೆ ಶಾಕಿಗೆ ದುಡ್ಡು ಕಟ್ಟಬೇಡ, ಅಳತೆ ಮಾತ್ರ ಮಾಡಿಟ್ಟುಕೋ.

ಎಲ್ಲ ಸರಿಹೋಗಿ ಶಾಕ್ ಬಂದ ದಿನ ಜೋಡಿಸುವ ಮುಂಚೆ ಅದನ್ನು ಕೈಯಿಂದ ಪೂರ್ತಿ ಮುಚ್ಚಿ, ಪೂರ್ತಿ ಬಿಚ್ಚಿ ಅಳೆ. ಚೀಟಿಯ ಮೇಲಿನ ಅಂಕಿಗೂ ಟೇಪಿಗೂ ವ್ಯತ್ಯಾಸ ಬಂದರೆ ಬೋಲ್ಟ್ ಹಾಕದೆ ಹಿಂದಕ್ಕೆ ಕೊಡು, ಒಮ್ಮೆ ಜೋಡಿಸಿದ ಶಾಕನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ರಾಕೆಟ್ಟಿನ ಬೆಸುಗೆ ಕೆಲಸ ಏನಿದ್ದರೂ ಶಾಕ್ ಹಾಕುವ ಮುಂಚೆಯೇ ಮುಗಿಸು, ಗ್ಯಾಸ್ ತುಂಬಿದ ಶಾಕಿನ ಹತ್ತಿರ ಬೆಂಕಿ ತರಬಾರದು. ಬೋಲ್ಟುಗಳನ್ನು ಕೈಬಿಗಿ ಮಾಡಿ, ಜೀಪನ್ನು ನೆಲಕ್ಕಿಳಿಸಿ, ಭಾರ ಗಾಲಿಯ ಮೇಲೆ ಬಂದ ಮೇಲೆ ಪೂರ್ತಿ ಬಿಗಿ. ಗಾಲಿ ಜೋತುಬಿದ್ದಾಗಲೇ ಬಿಗಿದರೆ ಬುಷ್ಷಿನ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಕಮಲಾಪುರಕ್ಕೆ ಒಂದು ಸುತ್ತು ಹೋಗಿ, ಹೊಲದ ಹಾದಿಯ ಕೊನೆಯಲ್ಲಿ ಇಳಿದು ನಾಲ್ಕೂ ಶಾಕುಗಳ ಹತ್ತಿರ ಕೈ ಒಯ್ದು ನೋಡು, ಬಿಸಿ ಇರುತ್ತವೆ, ಗಟ್ಟಿಯಾಗಿ ಹಿಡಿಯಬೇಡ. ಮೂರು ಬಿಸಿಯಿದ್ದು ಒಂದು ತಣ್ಣಗಿದ್ದರೆ ಆ ಒಂದು ಕೆಲಸ ಮಾಡುತ್ತಿಲ್ಲ. ಹೊಸ ಪಟ್ಟಿ ಕೆಲವು ವಾರಗಳಲ್ಲಿ ಒಂದಿಷ್ಟು ಕೂರುತ್ತದೆ, ಆಗ ಬಂಪ್ ರಬ್ಬರಿನ ಸಂದನ್ನು ಇನ್ನೊಮ್ಮೆ ಅಳೆದು ಮೊದಲಿನ ಚೀಟಿಯ ಪಕ್ಕದಲ್ಲೇ ಬರೆದಿಡು. ನನ್ನ ಹತ್ತಿರ ಎರಡು ಜೋಡಿ ಸ್ಟ್ಯಾಂಡು, ಒಳ್ಳೆಯ ಟೇಪು ಇವೆ. ರವಿವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಜೀಪು ಖಾಲಿ ಮಾಡಿಕೊಂಡು ಓಣಿಗೆ ತಾ, ಇಬ್ಬರೂ ಕೂಡಿ ಅಳೆಯೋಣ.